ಬಿಳಿ ಕಾರಿನ ಗೀರು, ನಮ್ಮ ಹುಡುಗನ ಉಸಿರು



ಹೋದ ಭಾನುವಾರ ನನ್ನ ವಾಲ್‌ನಲ್ಲಿ ಒಂದು ಬಿಳಿ ಕಾರಿನ ಫೋಟೋ ಹಾಕಿದ್ದೆ. ಕೆಳಗೆ ಏನೂ ಬರೆದಿರಲಿಲ್ಲ. ಬಂದ ಕಾಮೆಂಟುಗಳನ್ನು ನೀವೂ ನೋಡಿದ್ದೀರಿ. ‘ಏನಣ್ಣ, ಲಾಟರಿ ಹೊಡೀತಾ?’ ಅಂದವರು ಕೆಲವರು. ‘ಗುಮಾಸ್ತಗಿರಿಯಲ್ಲಿ ಇಷ್ಟೊಂದು ಬರುತ್ತೆ ಅಂತ ಗೊತ್ತಿರಲಿಲ್ಲ’ ಅಂತ ಕಾಲೆಳೆದವರು ಒಬ್ಬರು. ಆದರೆ ಹಿರಿಯ ಸಂಗಾತಿಯೊಬ್ಬರು ಬರೆದದ್ದು ಮನಸ್ಸಲ್ಲಿ ಉಳೀತು. ‘ಊರಲ್ಲಿ ಹೆಣ ಹೂಳೋಕೆ ಜಾಗ ಇಲ್ಲದೆ ನಮ್ಮ ಜನ ಧರಣಿ ಕೂತಿದ್ದಾರೆ, ನಿಮಗೆ ಕೋಟಿ ರೂಪಾಯಿ ಕಾರಿನ ಚಿಂತೆ.’

ಅಲ್ಲೇ ಉತ್ತರ ಕೊಡಬಹುದಿತ್ತು. ಕೊಟ್ಟಿದ್ದರೆ ಕೋಪದಲ್ಲಿ ಕೊಡ್ತಿದ್ದೆ. ಒಂದು ವಾರ ಬಿಟ್ಟು ಬರೀತಿದ್ದೀನಿ. ಉದ್ದ ಇದೆ, ಬಸ್ಸಲ್ಲಿ ಕೂತಾಗ ಓದಿ.

ಆ ಕಾರು ನನ್ನದಲ್ಲ. ಅದರ ಮೇಲಿನ ಗೀರು ತೆಗೆದವನು ನನ್ನ ಅಕ್ಕನ ಮಗ. ವಯಸ್ಸು 24. ಬೆಂಗಳೂರಿನ ಹೊರವಲಯದ ಒಂದು ಕಾರ್ ಸ್ಟುಡಿಯೋದಲ್ಲಿ ಕೆಲಸ. ನಾವು ಗ್ಯಾರೇಜ್ ಅಂತೀವಿ, ಅವರು ಸ್ಟುಡಿಯೋ ಅಂತಾರೆ. ಮುಂದುಗಡೆ ಎ.ಸಿ. ರೂಮು, ಕಾಫಿ ಮಷೀನು, ಸೋಫಾ. ಹಿಂದುಗಡೆ ತಗಡಿನ ಶೆಡ್ಡು. ನಮ್ಮವನು ಇರೋದು ಶೆಡ್ಡಲ್ಲಿ. ಅವನ ಹೆಸರನ್ನು ಇಲ್ಲಿ ಬರೆಯಲ್ಲ. ಬರೆದರೆ ನಾಳೆಯಿಂದ ಬರಬೇಡ ಅಂತಾರೆ ಅನ್ನೋ ಭಯ ಅವನಿಗಿದೆ. ಹೆಸರಿನ ವಿಷಯಕ್ಕೆ ಆಮೇಲೆ ಬರ್ತೀನಿ.

ಮೊದಲು ಕಾರು. ಅದು ನಿಸಾನ್ ಜಿಟಿ-ಆರ್. ಜಪಾನಿನ ಟೋಚಿಗಿಯಲ್ಲಿ ತಯಾರಾದದ್ದು. 2007ರಲ್ಲಿ ಶುರುವಾದ ಈ ಮಾದರಿ, 2025ರ ಆಗಸ್ಟ್‌ನಲ್ಲಿ ನಿಂತಿತು. ಹದಿನೆಂಟು ವರ್ಷದಲ್ಲಿ ಇಡೀ ಪ್ರಪಂಚಕ್ಕೆ ಸುಮಾರು 48,000 ಕಾರು ಅಷ್ಟೇ. ಇಂಡಿಯಾಕ್ಕೆ ಕಂಪನಿಯೇ ತಂದು ಮಾರಲು ಶುರು ಮಾಡಿದ್ದು 2016ರ ಡಿಸೆಂಬರ್‌ನಲ್ಲಿ, ಶೋರೂಂ ಬೆಲೆ 1.99 ಕೋಟಿ. ಬಿಡಿಭಾಗ ತಂದು ಇಲ್ಲಿ ಜೋಡಿಸಿದ್ದಲ್ಲ, ಇಡೀ ಕಾರೇ ಹಡಗಿನಲ್ಲಿ ಬರ್ತಿತ್ತು. ಇವೆಲ್ಲ ನನಗೆ ಹೇಗೆ ಗೊತ್ತು ಅಂದ್ರೆ, ಅಕ್ಕನ ಮಗ ಊಟಕ್ಕೆ ಕೂತಾಗ ಇದನ್ನೇ ಮಾತಾಡ್ತಾನೆ. ನಾನು ಬಿ.ಎ. ಓದುವಾಗ ಶಾಸನಗಳ ಕಾಲಮಾನ ಬಾಯಿಪಾಠ ಮಾಡಿದ್ದಕ್ಕಿಂತ ಚೆನ್ನಾಗಿ ಅವನು ಕಾರುಗಳ ವಂಶಾವಳಿ ಬಾಯಿಪಾಠ ಮಾಡಿದ್ದಾನೆ.

ಆ ಕಾರಿಗೆ ಆಗಿದ್ದಾದರೂ ಏನು? ಆಕ್ಸಿಡೆಂಟ್ ಏನಲ್ಲ. ಎಂಜಿನ್ ಸರಿಯಾಗಿದೆ, ಓಡ್ತಿದೆ. ನಮ್ಮಂಥವರು ನೋಡಿದರೆ ಹೊಸ ಕಾರು ಅಂತಲೇ ಅನ್ನಬೇಕು. ಮಾಲೀಕರ ಕಣ್ಣಿಗೆ ಕಂಡದ್ದು ಬೇರೆ. ಮುಂದಿನ ಬಂಪರ್ ತೀರಾ ಕೆಳಗಿರೋದ್ರಿಂದ ನಮ್ಮ ಬೆಂಗಳೂರಿನ ಹಂಪ್ಸ್‌ಗೆ ಉಜ್ಜಿ ಒಂದು ಗೇಣು ಉದ್ದ ಬಣ್ಣ ಎದ್ದಿತ್ತು. ಬಾನೆಟ್ಟಿನ ಮೇಲೆ ಹೈವೇ ಕಲ್ಲು ಸಿಡಿದ ಚುಕ್ಕಿಗಳು, ಸಾಸಿವೆ ಕಾಳಿನಷ್ಟು. ಬಲಗಡೆ ಬಾಗಿಲಲ್ಲಿ ಪಕ್ಕದ ಕಾರಿನ ಬಾಗಿಲು ತಾಗಿ ಒಂದು ಸಣ್ಣ ತಗ್ಗು. ಒಂದು ಚಕ್ರದ ಅಂಚು ಫುಟ್‌ಪಾತ್ ಕಲ್ಲಿಗೆ ತರಚಿತ್ತು. ಮತ್ತೆ ಮೈಯೆಲ್ಲ ಜೇಡರ ಬಲೆ ಥರ ಸಣ್ಣ ಸಣ್ಣ ಗೆರೆ, ಒಣಬಟ್ಟೆಯಲ್ಲಿ ಧೂಳು ಒರೆಸಿ ಒರೆಸಿ ಆದದ್ದು. ನೆರಳಲ್ಲಿ ಕಾಣಲ್ಲ. ಬಿಸಿಲಲ್ಲಿ ನಿಲ್ಲಿಸಿದರೆ, ಇಲ್ಲಾ ಎಲ್.ಇ.ಡಿ. ದೀಪ ಹಿಡಿದರೆ ಕಾಣುತ್ತೆ.

ನಾನು ನಗಾಡಿದೆ. ‘ಇಷ್ಟಕ್ಕೆ ಆಸ್ಪತ್ರೆಗೆ ಸೇರಿಸಿದ್ರಾ?’ ಅಂದೆ. ಅವನಿಗೆ ಬೇಜಾರಾಯ್ತು. ‘ಮಾವ, ನೀನು ಬಂದು ನೋಡು, ಆಮೇಲೆ ಮಾತಾಡು’ ಅಂದ. ಒಂದು ಶನಿವಾರ ಅರ್ಧ ದಿನ ರಜೆ ಹಾಕಿ ಹೋದೆ.

ಆವತ್ತು ಕಂಡದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಾರಿನ ಬಣ್ಣ ಅಂದ್ರೆ ಒಂದು ಪದರ ಅಂತ ನಾನು ತಿಳಿದಿದ್ದೆ. ಲೋಹದ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಅದರ ಮೇಲೆ ನೀರಿನಂತೆ ಪಾರದರ್ಶಕವಾದ ಕ್ಲಿಯರ್ ಕೋಟ್. ಹೊಳಪು ಇರೋದೂ, ಬಿಸಿಲಿನಿಂದ ಬಣ್ಣವನ್ನು ಕಾಯೋದೂ ಆ ಕೊನೆಯ ಪದರ. ಅದರ ದಪ್ಪ ನಲವತ್ತು ಐವತ್ತು ಮೈಕ್ರಾನ್ ಆಸುಪಾಸು, ನಮ್ಮ ತಲೆಕೂದಲಿಗಿಂತ ತೆಳು. ಗೀರು ಆ ಪದರದೊಳಗೇ ಇದ್ದರೆ ಸುತ್ತಲಿನದನ್ನು ಉಜ್ಜಿ ಗೀರಿನ ತಳದ ಮಟ್ಟಕ್ಕೆ ಇಳಿಸಬೇಕು, ಆಗ ಗೀರು ಮಾಯ. ಅಂದ್ರೆ ಗೀರು ‘ತೆಗೆಯೋದು’ ಅಂತ ಇಲ್ಲವೇ ಇಲ್ಲ, ಉಳಿದದ್ದನ್ನು ಸವೆಸೋದು. ಉಗುರಿನ ತುದಿ ಅಡ್ಡ ಎಳೆದು ನೋಡ್ತಾನೆ. ಉಗುರು ಸಿಕ್ಕಿಕೊಂಡರೆ ಗೀರು ಆಳಕ್ಕೆ ಹೋಗಿದೆ, ಉಜ್ಜಿದರೆ ಹೋಗಲ್ಲ. ಸಿಕ್ಕದಿದ್ದರೆ ಎರಡು ಸಾವಿರ, ಮೂರು ಸಾವಿರ ನಂಬರಿನ ವಾಟರ್ ಪೇಪರ್, ಆಮೇಲೆ ಕಂಪೌಂಡು, ಆಮೇಲೆ ಪಾಲಿಶು. ಎಲ್ಲಿ ನಿಲ್ಲಿಸಬೇಕು ಅನ್ನೋದೇ ಕೆಲಸ. ಹತ್ತು ಸೆಕೆಂಡ್ ಜಾಸ್ತಿ ಮಷೀನು ಹಿಡಿದರೆ ಅಂಚುಗಳಲ್ಲಿ ಕ್ಲಿಯರ್ ಕೋಟ್ ಸುಟ್ಟು ಹೋಗುತ್ತೆ. ಹೋದರೆ ಇಡೀ ಪ್ಯಾನೆಲ್‌ಗೆ ಮತ್ತೆ ಬಣ್ಣ.

ಶುರು ಮಾಡೋ ಮುಂಚೆ ಒಂದು ಸಣ್ಣ ಮೀಟರ್ ಇಟ್ಟು ಪ್ರತಿ ಪ್ಯಾನೆಲ್‌ನ ಬಣ್ಣದ ದಪ್ಪ ಅಳೆದು ಜಾಬ್ ಕಾರ್ಡಲ್ಲಿ ಬರೀತಾರೆ. ಬಾನೆಟ್ 118, ಎಡ ಬಾಗಿಲು 124, ಟಾಪ್ 121, ಹೀಗೆ. ಈ ಕಾರಿನ ಬಾನೆಟ್ಟು, ಡಿಕ್ಕಿ ಮುಚ್ಚಳ, ಬಾಗಿಲಿನ ಹೊರಮೈ ಅಲ್ಯೂಮಿನಿಯಂ. ಬರೀ ಕಬ್ಬಿಣಕ್ಕೆ ಕೆಲಸ ಮಾಡೋ ಮೀಟರ್ ಅಲ್ಲಿ ಸುಮ್ಮನೆ ಕೂರುತ್ತೆ. ಬಾಗಿಲಿನ ತಗ್ಗನ್ನು ಎತ್ತೋದೂ ಕಷ್ಟ. ಸ್ಟೀಲು ತಳ್ಳಿದರೆ ಸ್ವಲ್ಪ ತಾನಾಗೇ ಹಳೇ ಆಕಾರಕ್ಕೆ ಬರುತ್ತೆ, ಅಲ್ಯೂಮಿನಿಯಂ ಹಟ ಮಾಡುತ್ತೆ, ಅವಸರ ಮಾಡಿದರೆ ಬಿರುಕು ಬಿಡುತ್ತೆ. ಒಳಗಿನಿಂದ ಒಂದು ಕಬ್ಬಿಣದ ಕಡ್ಡಿ ತೂರಿಸಿ, ಹೊರಗೆ ಗೆರೆಗೆರೆಯ ದೀಪದ ಪ್ರತಿಬಿಂಬ ನೋಡ್ತಾ, ಒಂದೊಂದೇ ಚೂರು ಮೇಲಕ್ಕೆ ಒತ್ತಿದ. ನೂರಾರು ಸಲ. ಗೆರೆ ನೆಟ್ಟಗಾದಾಗ ತಗ್ಗು ಹೋಯ್ತು ಅಂತ ಲೆಕ್ಕ. ಮೂರು ಗಂಟೆ ಆಯ್ತು. ಆ ಮೂರು ಗಂಟೆ ಅವನು ಒಂದು ಮಾತೂ ಆಡಲಿಲ್ಲ.

ಬಂಪರ್ ಮಾತ್ರ ಉಜ್ಜಿದರೆ ಆಗದ ಕೆಲಸ. ಬಿಚ್ಚಿ, ಕೆರೆದು, ಪುಟ್ಟಿ ಹಾಕಿ, ಪ್ರೈಮರ್ ಹೊಡೆದು ಹೊಸ ಬಣ್ಣ. ಅದು ಬರೀ ಬಿಳಿ ಅಲ್ಲ, ಪರ್ಲ್ ವೈಟ್. ಮೊದಲು ಬಿಳಿ, ಅದರ ಮೇಲೆ ಮುತ್ತಿನ ಪುಡಿಯ ತೆಳು ಕೋಟು, ಅದರ ಮೇಲೆ ಕ್ಲಿಯರ್. ಮುತ್ತಿನ ಕೋಟು ಎರಡು ಹೊಡೆದರೆ ಒಂದು ಬಿಳಿ, ಮೂರು ಹೊಡೆದರೆ ಇನ್ನೊಂದು ಬಿಳಿ. ಎರಡು, ಮೂರು, ನಾಲ್ಕು ಕೋಟಿನ ಸ್ಯಾಂಪಲ್ ಕಾರ್ಡು ಹೊಡೆದು, ಬಿಸಿಲಿಗೆ ತಂದು, ಕಾರಿನ ಪಕ್ಕ ಇಟ್ಟು ಕಣ್ಣು ಕಿರಿದು ಮಾಡಿ ನೋಡ್ತಾನೆ. ಬಣ್ಣದ ಕೋಡು ಕಂಪ್ಯೂಟರ್ ಕೊಡುತ್ತೆ. ವರ್ಷಗಟ್ಟಲೆ ಬಿಸಿಲು ತಿಂದ ಬಿಳಿ ಈಗ ಯಾವ ಬಿಳಿ ಆಗಿದೆ ಅಂತ ಕಂಪ್ಯೂಟರ್ ಹೇಳಲ್ಲ, ಇವನು ಹೇಳ್ತಾನೆ. ನನಗೆ ಮೂರೂ ಕಾರ್ಡು ಒಂದೇ ಥರ ಕಂಡವು, ಸುಳ್ಳು ಯಾಕೆ ಹೇಳಲಿ.

ಈ ವಿದ್ಯೆ ಅವನಿಗೆ ಯಾವ ಕಾಲೇಜೂ ಕೊಟ್ಟದ್ದಲ್ಲ. ಪಿ.ಯು.ಸಿ. ಫೇಲಾದಾಗ ಕಲಾಸಿಪಾಳ್ಯದ ಕಡೆ ಒಬ್ಬ ಉಸ್ತಾದರ ಹತ್ತಿರ ಟಿಂಕರಿಂಗ್‌ಗೆ ಬಿಟ್ಟಿದ್ದರು. ಎರಡು ವರ್ಷ ಬರೀ ಎಮರಿ ಪೇಪರ್ ಹಿಡಿಸಿದರಂತೆ. ಆಗ ನಾನು ಅಕ್ಕನ ಜೊತೆ ಜಗಳ ಆಡಿದ್ದೆ. ನಮ್ಮ ಅಪ್ಪ ಚರ್ಮ ಹದ ಮಾಡಿದ ಕೈ, ನಾನು ಪೆನ್ನು ಹಿಡಿದೆ, ಇವನು ಮತ್ತೆ ಕೈ ಕೊಳೆ ಮಾಡಿಕೊಳ್ಳೋ ಕೆಲಸಕ್ಕೆ ಹೋಗೋದಾ ಅಂತ. ಅವತ್ತು ನಾನು ಆಡಿದ ಆ ಮಾತು ತಪ್ಪು. ಚಳವಳಿಯಲ್ಲಿ ಇಪ್ಪತ್ತು ವರ್ಷ ಇದ್ದೂ ಕೈಕೆಲಸ ಅಂದ್ರೆ ಕೀಳು ಅನ್ನೋದು ನನ್ನೊಳಗೇ ಕೂತಿತ್ತು. ಅದನ್ನು ನನ್ನೊಳಗೆ ಇಟ್ಟವರು ಯಾರು ಅಂತ ನಿಮಗೆ ಹೇಳಬೇಕಾಗಿಲ್ಲ.

ನಾನು ಅಲ್ಲಿದ್ದಾಗಲೇ ಕಾರಿನ ಮಾಲೀಕರು ಬಂದರು. ಒಳ್ಳೆ ಮನುಷ್ಯ, ಹಾಗೆ ನೋಡಿದರೆ. ಕಾರಿನ ಸುತ್ತ ಎರಡು ಸುತ್ತು ಹಾಕಿ ಮ್ಯಾನೇಜರ್‌ಗೆ ಹೇಳಿದರು: ‘ಈ ಹುಡುಗನೇ ಮಾಡ್ಲಿ. ಬೇರೆ ಯಾರೂ ನನ್ನ ಗಾಡಿ ಮುಟ್ಟಬಾರದು.’ ನಮ್ಮ ಹುಡುಗನ ಮುಖ ಅರಳಿತು. ನನಗೆ ಎದೆಯಲ್ಲಿ ಏನೋ ಆಯ್ತು. ನಮ್ಮ ಮನೆಯಲ್ಲಿ ‘ಮುಟ್ಟಬಾರದು’ ಅನ್ನೋ ಮಾತು ಕೇಳದ ತಲೆಮಾರಿಲ್ಲ. ನಮ್ಮವ್ವ ಊರಿನ ಹೋಟೆಲಲ್ಲಿ ಹೊರಗೆ ನಿಂತು ತೆಂಗಿನ ಚಿಪ್ಪಲ್ಲಿ ಟೀ ಕುಡಿದವಳು. ಅವಳ ಮೊಮ್ಮಗ ಬಿಟ್ಟು ಬೇರೆ ಯಾರೂ ಮುಟ್ಟಬಾರದು ಅಂತ ಒಬ್ಬ ಶ್ರೀಮಂತ ಹೇಳ್ತಿದ್ದಾನೆ. ಸಂತೋಷ ಪಡಬೇಕಾ? ಪಟ್ಟೆ, ಒಂದೈದು ನಿಮಿಷ. ಆ ಮಾಲೀಕರು ಯಾರ ಜಾತಿಯನ್ನೂ ಕೇಳಲಿಲ್ಲ, ಅದನ್ನೂ ಹೇಳಿಬಿಡ್ತೀನಿ. ಅವರೆಲ್ಲೋ ಓದಿದ್ದರು, ಗೀರು ತಾನಾಗೇ ವಾಸಿಯಾಗೋ ಪೇಂಟನ್ನ ಇದೇ ಕಂಪನಿ ಕಂಡುಹಿಡಿದಿದೆಯಂತೆ ಅಂತ ಕೇಳಿದರು. ಹೌದು, 2005ರಲ್ಲೇ ನಿಸಾನ್ ಅಂಥದ್ದೊಂದು ಕ್ಲಿಯರ್ ಕೋಟ್ ಪ್ರಕಟಿಸಿತ್ತು, ಸಣ್ಣ ಗೀರು ಒಂದು ದಿನದಿಂದ ಒಂದು ವಾರದೊಳಗೆ ಮುಚ್ಚಿಕೊಳ್ಳುತ್ತೆ ಅಂತ. ನಮ್ಮವನು ‘ಎಲ್ಲಾ ಕಾರಿಗೂ ಅದು ಬಂದ್ರೆ ನಾನು ಊರಿಗೆ ಹೋಗ್ಬೇಕಾಗುತ್ತೆ ಸಾರ್’ ಅಂದ. ಎಲ್ಲರೂ ನಕ್ಕರು.

ಮಾಲೀಕರು ಬಾನೆಟ್ ಎತ್ತಿಸಿ ನನಗೂ ಎಂಜಿನ್ ತೋರಿಸಿದರು. ಫೋಟೋದಲ್ಲಿ ನೀವು ನೋಡಿದ್ದು ಹೊರಗಿನ ಕಾರು. ನಾನು ನಿಮಗೆ ತೋರಿಸಬೇಕಾಗಿದ್ದದ್ದು ಎಂಜಿನ್ ಮೇಲಿನ ಒಂದು ಸಣ್ಣ ಲೋಹದ ಪಟ್ಟಿ. ಅದರ ಮೇಲೆ ಒಬ್ಬ ಮನುಷ್ಯನ ಹೆಸರು ಇದೆ. ಈ ಕಾರಿನ ಎಂಜಿನ್ನು ಯೊಕೊಹಾಮಾದಲ್ಲಿ ಕೈಯಿಂದಲೇ ಜೋಡಣೆ ಆಗ್ತಿತ್ತು. ಒಂದು ಎಂಜಿನ್ನಿಗೆ ಒಬ್ಬನೇ ಕುಶಲಕರ್ಮಿ, ಶುರುವಿನಿಂದ ಕೊನೆಯವರೆಗೆ. ಅವರನ್ನು ‘ಟಕುಮಿ’ ಅಂತಾರೆ, ನಮ್ಮಲ್ಲಿ ಮೇಸ್ತ್ರಿ ಅಂದ ಹಾಗೆ, ಆದರೆ ಅಲ್ಲಿ ಅದು ಗೌರವದ ಬಿರುದು. ಹದಿನೆಂಟು ವರ್ಷದಲ್ಲಿ ಆ ಕೆಲಸ ಮಾಡಿದವರು ಒಂಬತ್ತೇ ಜನ. ಪ್ರತಿ ಎಂಜಿನ್ನಿನ ಮೇಲೂ ಅದನ್ನು ಜೋಡಿಸಿದವನ ಹೆಸರಿನ ಪಟ್ಟಿ. ಮಾಲೀಕರು ಆ ಹೆಸರನ್ನು ಗಟ್ಟಿಯಾಗಿ ಓದಿದರು. ಸಾವಿರಾರು ಮೈಲಿ ಆಚೆಯ ಆ ಕಾರ್ಮಿಕನ ಹೆಸರು ಅವರ ಬಾಯಲ್ಲಿ ತಪ್ಪಿಲ್ಲದೆ ಬಂತು.

ನಮ್ಮ ಹುಡುಗನನ್ನು ಅವರು ಕರೆದದ್ದು ‘ತಮ್ಮಾ’ ಅಂತ.

ಕೆಲಸ ಮುಗಿದ ದಿನ ಸ್ಟುಡಿಯೋದವರು ವಿಡಿಯೋ ಮಾಡಿ ಇನ್‌ಸ್ಟಾಗ್ರಾಮಿಗೆ ಹಾಕಿದರು. ಕೆಳಗೆ ಸ್ಟುಡಿಯೋ ಹೆಸರು, ಪಾಲಿಶ್ ಕಂಪನಿ ಹೆಸರು, ಮಾಲೀಕರ ಹೆಸರು, ಹಿನ್ನೆಲೆ ಸಂಗೀತದವರ ಹೆಸರು. ಇವನು ಮೂಲೆಯಲ್ಲಿ ಬಟ್ಟೆ ಹಿಡಿದು ನಿಂತಿದ್ದ, ‘ಫ್ರೇಮ್ ಕ್ಲೀನ್ ಇರಲಿ, ಸ್ವಲ್ಪ ಆ ಕಡೆ ಹೋಗು’ ಅಂದರಂತೆ. ಇದನ್ನು ಅವನು ದೂರಿನ ಥರ ಹೇಳಲಿಲ್ಲ, ಹಾಗೇ ಮಾತಿಗೆ ಬಂತು. ಆಮೇಲೆ ಮೊಬೈಲಲ್ಲಿ ಇನ್ನೊಂದು ಫೋಟೋ ತೋರಿಸಿದ. ಬಂಪರನ್ನು ವಾಪಸ್ ಕೂರಿಸೋ ಮುಂಚೆ ಅದರ ಒಳಮೈಯಲ್ಲಿ ಮಾರ್ಕರ್ ಪೆನ್ನಲ್ಲಿ ತನ್ನ ಹೆಸರು, ತಾರೀಖು ಬರೆದಿದ್ದಾನೆ. ಮತ್ತೆ ಯಾರಾದರೂ ಬಂಪರ್ ಬಿಚ್ಚಿದರೆ ಮಾತ್ರ ಕಾಣೋದು.

ಜಪಾನನ್ನು ತಲೆ ಮೇಲೆ ಹೊತ್ತುಕೊಳ್ತಿದ್ದೀನಿ ಅಂತ ತಿಳೀಬೇಡಿ. ಅಲ್ಲಿಯೂ ನಮ್ಮಂಥವರಿದ್ದಾರೆ. ಬುರಾಕು ಜನ. ಚರ್ಮದ ಕೆಲಸ, ಕಸಾಯಿ ಕೆಲಸ ಮಾಡಿದ್ದಕ್ಕೆ ಊರಾಚೆ ಇಟ್ಟವರು. 1871ರಲ್ಲಿ ಸರ್ಕಾರ ಕಾಗದದ ಮೇಲೆ ಬಿಡುಗಡೆ ಕೊಟ್ಟಿತು. ಕಾಗದದ ಬಿಡುಗಡೆ ಹೇಗಿರುತ್ತೆ ಅಂತ ನಮಗೆ ಗೊತ್ತು. 1922ರಲ್ಲಿ ಕ್ಯೋಟೋದಲ್ಲಿ ಅವರೇ ಸೇರಿ ಸುಯಿಹೆಯಿಶಾ ಸಂಘಟನೆ ಕಟ್ಟಿದರು. ನಮ್ಮ ಮಹಾಡ್ ಕೆರೆಯ ಸತ್ಯಾಗ್ರಹಕ್ಕಿಂತ ಐದು ವರ್ಷ ಮುಂಚೆ. 1975ರಲ್ಲಿ ಬಯಲಾದದ್ದು ಇನ್ನೊಂದು ಕಥೆ: ಬುರಾಕು ಕೇರಿಗಳ ಹೆಸರು ವಿಳಾಸ ಇರೋ ಪಟ್ಟಿಯನ್ನು ಪತ್ತೇದಾರರು ಗುಟ್ಟಾಗಿ ಮಾರ್ತಿದ್ದರು, ಕೆಲಸಕ್ಕೆ ತಗೊಳ್ಳುವಾಗ ಆ ಕೇರಿಯವರನ್ನು ಸೋಸಿ ಹಾಕೋಕೆ ಇನ್ನೂರಕ್ಕೂ ಹೆಚ್ಚು ಕಂಪನಿಗಳು ಅದನ್ನು ಕೊಂಡಿದ್ದವು. ಹಾಗಾಗಿ ಒಂದು ದೇಶ ಕೆಲವರ ಹೆಸರನ್ನು ಎಂಜಿನ್ ಮೇಲೆ ಬರೆಯುತ್ತೆ, ಕೆಲವರ ಕೇರಿಯ ಹೆಸರನ್ನು ಗುಟ್ಟಿನ ಪುಸ್ತಕದಲ್ಲಿ ಬರೆಯುತ್ತೆ. ಎರಡೂ ಅದೇ ದೇಶ. ನಾನು ಹೇಳೋದು ಇಷ್ಟೇ, ಕೈಕೆಲಸ ಮಾಡಿದವನ ಹೆಸರು ಬರೆಯೋದು ಅಸಾಧ್ಯದ ಮಾತಲ್ಲ. ಕೋಟಿ ರೂಪಾಯಿ ಕಾರಿನ ಮೇಲೇ ಬರೆದು ತೋರಿಸಿದ್ದಾರೆ.

ಈಗ ಹೆಸರಿಗಿಂತ ದೊಡ್ಡ ವಿಷಯ. ಇದಕ್ಕಾಗಿಯೇ ಬರೆಯೋಕೆ ಕೂತದ್ದು.

ಬಣ್ಣ ಹೊಡೆಯೋ ದಿನವೂ ನಾನು ಅಲ್ಲಿದ್ದೆ. ಬಣ್ಣ ಪಕ್ಕದ ಪ್ಯಾನೆಲ್‌ಗೂ ಬೆರೀಬೇಕು ಅಂತ ಕಾರನ್ನೂ ಶೆಡ್ಡೊಳಗೇ ನಿಲ್ಲಿಸಿಕೊಂಡಿದ್ದರು. ಹೊಡೆಯೋ ಜಾಗ ಬಿಟ್ಟು ಉಳಿದ ಮೈಗೆಲ್ಲ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆಲ್ಲ ಟೇಪ್ ಅಂಟಿಸಿ, ಚಕ್ರಕ್ಕೂ ಚೀಲ ಕಟ್ಟಿದರು. ಗನ್ನಿನಿಂದ ಬರೋ ಮಂಜು ಎಲ್ಲೂ ಕೂರಬಾರದು ಅಂತ. ಒಂದು ಗಂಟೆ ಹಿಡೀತು ಹೊದಿಸೋಕೆ. ನಮ್ಮ ಹುಡುಗ ಹಾಕಿಕೊಂಡದ್ದು ಹಳೇ ಮಾಸ್ಕು, ಅದರ ಫಿಲ್ಟರ್ ಯಾವಾಗ ಬದಲಾಯಿಸಿದ್ದು ಅಂತ ಅವನಿಗೇ ನೆನಪಿರಲಿಲ್ಲ. ಇನ್ನೊಬ್ಬ ಹುಡುಗ ಕರ್ಚೀಫು ಕಟ್ಟಿಕೊಂಡ. ಶೆಡ್ಡಿಗೆ ಇರೋದು ಒಂದೇ ಎಕ್ಸಾಸ್ಟ್ ಫ್ಯಾನು.

ಕ್ಲಿಯರ್ ಕೋಟ್ ಗಟ್ಟಿಯಾಗಲು ಅದಕ್ಕೊಂದು ಹಾರ್ಡನರ್ ಬೆರೆಸ್ತಾರೆ. ಅದರಲ್ಲಿ ಐಸೊಸಯನೇಟ್ ಅನ್ನೋ ರಾಸಾಯನಿಕ ಇರುತ್ತೆ. ಥಿನ್ನರ್ ವಾಸನೆ ಮೂಗಿಗೆ ಹೊಡೆಯುತ್ತೆ, ಇದು ಹೊಡೆಯಲ್ಲ. ಅಪಾಯದ ಮಟ್ಟ ದಾಟಿದರೂ ಮೂಗಿಗೆ ಗೊತ್ತಾಗಲ್ಲ. ಗನ್ ಕೆಳಗಿಟ್ಟ ಮೇಲೂ ಕಣ್ಣಿಗೆ ಕಾಣದ ಮಂಜು ಗಾಳಿಯಲ್ಲಿ ಇರುತ್ತೆ, ‘ಮುಗೀತಲ್ಲ’ ಅಂತ ಮಾಸ್ಕ್ ತೆಗೆದು ಹೊಳಪು ನೋಡೋಕೆ ಬಗ್ಗಿದಾಗ ಒಳಗೆ ಹೋಗುತ್ತೆ. ಕೆಲವರಿಗೆ ತಿಂಗಳುಗಳು, ಕೆಲವರಿಗೆ ವರ್ಷಗಳು ಏನೂ ಆಗಲ್ಲ. ಒಂದು ಸಲ ಮೈ ಅದಕ್ಕೆ ತಿರುಗಿಬಿದ್ದರೆ ಮುಂದೆ ಚೂರು ತಾಗಿದರೂ ಉಬ್ಬಸ. ಅದೂ ತಕ್ಷಣ ಬರಬೇಕಂತಿಲ್ಲ, ರಾತ್ರಿ ಮಲಗಿದಾಗ ಬರುತ್ತೆ, ಅದಕ್ಕೇ ಕೆಲಸಕ್ಕೂ ಕೆಮ್ಮಿಗೂ ಯಾರೂ ಗಂಟು ಹಾಕಲ್ಲ. ಬ್ರಿಟನ್ನಿನ ಸರ್ಕಾರಿ ಸುರಕ್ಷಾ ಇಲಾಖೆಯ ಪ್ರಕಾರ ಅಲ್ಲಿನ ಸಾಮಾನ್ಯ ಕಾರ್ಮಿಕನಿಗೆ ಹೋಲಿಸಿದರೆ ಕಾರು ಪೇಂಟರ್‌ಗೆ ಆಸ್ತಮಾ ಬರೋ ಅಪಾಯ ಸುಮಾರು 80 ಪಟ್ಟು ಹೆಚ್ಚು. ಅದಕ್ಕೇ ಅಲ್ಲಿ ಫಿಲ್ಟರ್ ಮಾಸ್ಕ್ ಸಾಲದು, ಹೊರಗಿನ ಶುದ್ಧ ಗಾಳಿಯನ್ನು ಪೈಪಿನಲ್ಲಿ ಕೊಡೋ ಮಾಸ್ಕೇ ಬೇಕು ಅಂತಾರೆ, ಮೂತ್ರ ಪರೀಕ್ಷೆ ಮಾಡಿಸಿ ಮೈಗೆ ಎಷ್ಟು ಹೋಗಿದೆ ಅಂತ ನೋಡ್ತಾರೆ.

ಅಕ್ಕ ಆರು ತಿಂಗಳಿಂದ ಹೇಳ್ತಾನೇ ಇದ್ದಳು, ಹುಡುಗ ರಾತ್ರಿ ಎದ್ದು ಕೂತ್ಕೋತಾನೆ ಅಂತ. ಧೂಳು, ಅಲರ್ಜಿ, ಬೆಂಗಳೂರ ಚಳಿ, ಒಂದೊಂದು ದಿನ ಒಂದೊಂದು ಕಾರಣ. ಸರ್ಕಾರಿ ಆಸ್ಪತ್ರೆಯ ಒಬ್ಬ ಡಾಕ್ಟರಮ್ಮ ಮಾತ್ರ ಸರಿಯಾದ ಪ್ರಶ್ನೆ ಕೇಳಿದರು: ‘ಭಾನುವಾರ ಹೇಗಿರುತ್ತೆ?’ ಭಾನುವಾರ ಚೆನ್ನಾಗಿರುತ್ತೆ. ಹಬ್ಬಕ್ಕೆ ಊರಿಗೆ ಬಂದಾಗ ನಾಲ್ಕು ದಿನ ಕೆಮ್ಮೇ ಇರಲ್ಲ. ಅವರು ಒಂದು ಊದೋ ಮೀಟರ್ ಬರೆದುಕೊಟ್ಟು, ದಿನಕ್ಕೆ ನಾಲ್ಕು ಸಲ ಊದಿ ನಂಬರ್ ಬರೆದಿಡಿ, ಕೆಲಸದ ದಿನ ಬೇರೆ ರಜೆ ದಿನ ಬೇರೆ ಗುರುತು ಹಾಕಿ ಅಂದರು. ನೋಟ್‌ಬುಕ್ಕಿಗೆ ಗೆರೆ ಹೊಡೆದು ಕಾಲಂ ಮಾಡಿಕೊಟ್ಟವನು ನಾನು. ಗುಮಾಸ್ತ ಅಲ್ವಾ, ಅದೊಂದು ಬರುತ್ತೆ. ಮೊದಲ ವಾರ ಭಾನುವಾರ 470. ಗುರುವಾರ ರಾತ್ರಿ 360.

ಇನ್ನು ಕಾನೂನು. ಐಸೊಸಯನೇಟ್ ವಿಷ 1948ರ ಕಾರ್ಖಾನೆ ಕಾಯ್ದೆಯ ಮೂರನೇ ಷೆಡ್ಯೂಲಿನಲ್ಲಿ ಇತ್ತು, ಕಂಡರೆ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿ ಅದು. ಪಟ್ಟಿಯಲ್ಲೇನೋ ಇತ್ತು. ಆದರೆ ಆ ಕಾಯ್ದೆ ಅನ್ವಯ ಆಗಲು ಕರೆಂಟು ಬಳಸೋ ಜಾಗದಲ್ಲಿ 10 ಜನ ಇರಬೇಕಿತ್ತು. 2020ರಲ್ಲಿ ಸಂಸತ್ತು ಪಾಸು ಮಾಡಿದ ಹೊಸ ಸಂಹಿತೆ ಅದನ್ನು 20ಕ್ಕೆ ಏರಿಸಿತು. ಇ.ಎಸ್.ಐ. ಬೇಕಂದ್ರೂ 10 ಜನ. ಈ ಸ್ಟುಡಿಯೋದ ಪುಸ್ತಕದಲ್ಲಿ ಇರೋದು ಏಳು ಜನ. ಶೆಡ್ಡಿನ ಹುಡುಗರು ಪುಸ್ತಕದಲ್ಲೇ ಇಲ್ಲ, ಅವರಿಗೆ ಸಂಬಳ ಕೈಗೆ, ಚೀಟಿ ಇಲ್ಲ. ಇವನಿಗೆ 19,000. ಆ ಕಾರಿನ ಒಂದು ವಾರದ ಕೆಲಸಕ್ಕೆ ಮಾಲೀಕರು ಕಟ್ಟಿದ ಬಿಲ್ಲು ಒಂದು ಲಕ್ಷದ ಹತ್ತು ಸಾವಿರ. ಗಾಳಿ ಪೈಪಿನ ಮಾಸ್ಕಿಗೆ ನಾನೇ ಒಂದು ಅಂಗಡಿಯಲ್ಲಿ ವಿಚಾರಿಸಿದೆ, ಆ ಒಂದು ಬಿಲ್ಲಿನ ಅರ್ಧಕ್ಕಿಂತ ಕಮ್ಮಿ.

ಶೆಡ್ಡಲ್ಲಿ ಯಾರಿದ್ದಾರೆ ಅಂತಲೂ ಹೇಳ್ತೀನಿ. ನಮ್ಮವರು ಇಬ್ಬರು, ಮುಸ್ಲಿಂ ಹುಡುಗರು ಇಬ್ಬರು, ಉತ್ತರ ಪ್ರದೇಶದಿಂದ ಬಂದವನೊಬ್ಬ. ಎ.ಸಿ. ರೂಮಿನಲ್ಲಿ ಯಾರಿದ್ದಾರೆ ಅಂತ ನೀವೇ ಊಹಿಸಿ. ಒಂದು ಅಂಗಡಿಯ ಲೆಕ್ಕ ಇದು, ಇದನ್ನೇ ಇಡೀ ನಗರದ ಅಂಕಿಅಂಶ ಅಂತ ಹಂಚಬೇಡಿ. ಆದರೆ ನಿಮ್ಮ ಊರಿನ ಟಿಂಕರಿಂಗ್ ಶೆಡ್ಡಿಗೆ ಹೋಗಿ ನೋಡಿ ಬನ್ನಿ, ಆಮೇಲೆ ಮಾತಾಡೋಣ.

ಸ್ಮಶಾನದ ಹೋರಾಟ ಬಿಟ್ಟು ಇದನ್ನು ಮಾಡಿ ಅಂತ ನಾನು ಹೇಳ್ತಿಲ್ಲ. ಆ ಧರಣಿಯಲ್ಲಿ ನಾನೂ ಕೂತಿದ್ದೆ, ಹಿರಿಯರಿಗೆ ಗೊತ್ತು. ಆದರೆ ಬಾಬಾಸಾಹೇಬರ ಫೋಟೋಗೆ ಹಾರ ಹಾಕುವಾಗ ನಾವು ಒಂದನ್ನು ಮರೀತೀವಿ. 1942ರಿಂದ 1946ರವರೆಗೆ ಅವರು ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಖಾತೆ ನೋಡಿದವರು. ಇ.ಎಸ್.ಐ.ಗೆ ತಳಪಾಯ ಹಾಕಿದ ಅಡಾರ್ಕರ್ ವರದಿ ಬಂದದ್ದು ಅದೇ ಕಾಲದಲ್ಲಿ, 1944ರಲ್ಲಿ. ನಮ್ಮ ಸಂಘಟನೆಗಳ ಪದಾಧಿಕಾರಿಗಳ ಪಟ್ಟಿ ತೆಗೆದು ನೋಡಿ, ನಾನೂ ಸೇರಿ ಎಷ್ಟು ಜನ ಮೇಷ್ಟ್ರುಗಳು, ಗುಮಾಸ್ತರು, ವಕೀಲರು. ಮೀಸಲಾತಿ ರೋಸ್ಟರಿನ ಒಂದು ಬಿಂದು ತಪ್ಪಿದರೆ ನಾವು ಕಲೆಕ್ಟರ್ ಆಫೀಸ್ ಮುಂದೆ ಇರ್ತೀವಿ. ನಮ್ಮ ಮಕ್ಕಳಲ್ಲಿ ಎಷ್ಟೋ ಜನ ರೋಸ್ಟರ್ ಇಲ್ಲದ ಕಡೆ ಇದ್ದಾರೆ, ಗ್ಯಾರೇಜು, ಗೋಡೌನು, ಡೆಲಿವರಿ. ಅಲ್ಲಿಗೆ ನಾವು ಹೋಗಿಲ್ಲ. ಪೌರಕಾರ್ಮಿಕರು ಮ್ಯಾನ್‌ಹೋಲಲ್ಲಿ ಸತ್ತಾಗ ನಾವು ಬೀದಿಗೆ ಬರ್ತೀವಿ, ಬರಲೇಬೇಕು. ಎ.ಸಿ. ಸ್ಟುಡಿಯೋ ಹಿಂದಿನ ಶೆಡ್ಡಲ್ಲಿ ಉಸಿರು ನಿಧಾನಕ್ಕೆ ಹೋಗುತ್ತೆ, ಅದಕ್ಕೆ ಫೋಟೋ ಸಿಗಲ್ಲ.

ಕಾರಿನ ಮಾಲೀಕರ ಮೇಲೆ ನನಗೆ ದ್ವೇಷ ಇಲ್ಲ. ಗೀರು ತೆಗೆಸೋದು ತಪ್ಪೂ ಅಲ್ಲ. ಅದೇ ಗೀರು ನಮ್ಮ ಹುಡುಗನಿಗೆ ಅನ್ನ ಕೊಟ್ಟಿದೆ. ಕಾರನ್ನು ಬಿಡೋಕೆ ಬಂದಾಗ ಅವರು ಐವತ್ತು ಪ್ರಶ್ನೆ ಕೇಳಿದರು, ಯಾವ ಬ್ರ್ಯಾಂಡ್ ಕ್ಲಿಯರ್, ಎಷ್ಟು ಕೋಟು, ಎಷ್ಟು ವರ್ಷ ವಾರಂಟಿ. ಐವತ್ತೊಂದನೇದಾಗಿ ‘ಹೊಡೆಯೋ ಹುಡುಗನಿಗೆ ಯಾವ ಮಾಸ್ಕ್ ಕೊಡ್ತೀರಿ?’ ಅಂತ ಕೇಳಿದ್ದರೆ ಸ್ಟುಡಿಯೋದವರು ಮರುದಿನ ತರ್ತಿದ್ದರು. ಗಿರಾಕಿ ಕೇಳಿದರೆ ಇಟಲಿಯಿಂದ ಪಾಲಿಶ್ ತರಿಸ್ತಾರೆ, ಮಾಸ್ಕ್ ತರಲ್ವಾ? ಇದನ್ನು ಓದ್ತಿರೋ ನಿಮ್ಮಲ್ಲಿ ಕೋಟಿ ಕಾರಿನವರು ಇರಲಿಕ್ಕಿಲ್ಲ, ಆದರೆ ಆಲ್ಟೋ, ಸ್ವಿಫ್ಟ್ ಇರೋರು ಇದ್ದೀರಿ. ಆಲ್ಟೋದ ಕ್ಲಿಯರ್ ಕೋಟಿಗೂ ಅದೇ ಹಾರ್ಡನರ್.

ಸುಲಭದ ಪರಿಹಾರ ಇದೆ ಅಂತ ಸುಳ್ಳು ಹೇಳಲ್ಲ. ನಮ್ಮ ಹುಡುಗನಿಗೆ ಈಗಾಗಲೇ ಮೈ ತಿರುಗಿಬಿದ್ದಿದ್ದರೆ ಒಳ್ಳೆ ಮಾಸ್ಕೂ ಸಾಲದು, ಸ್ಪ್ರೇ ಬಿಡಲೇಬೇಕು ಅಂತ ಡಾಕ್ಟರಮ್ಮ ಹೇಳಿದ್ದಾರೆ. ಪಾಲಿಶು, ಡೆಂಟ್ ಎತ್ತೋದು ಮಾಡ್ಕೊಂಡಿರು ಮಗಾ ಅಂದೆ. ಅವನು ಒಪ್ಪಲ್ಲ. ‘ಪರ್ಲ್ ವೈಟ್ ಹೊಡೆಯೋಕೆ ಇಲ್ಲಿ ನಾನೊಬ್ಬನೇ ಮಾವ. ಅದನ್ನ ಬಿಟ್ಟರೆ ನಾನು ಯಾರು?’ ಅಂತಾನೆ. ಮ್ಯಾನೇಜರ್ ಹತ್ತಿರ ನಾನೇ ಹೋಗಿ ಮಾತಾಡಿದೆ. ‘ನಿಮ್ಮ ಹುಡುಗ ಕಲಾವಿದ ಸಾರ್, ಅವನನ್ನ ಹೇಗೆ ಬಿಡೋದು’ ಅಂದರು. ಕಲಾವಿದ ಅಂದವರು ಸಂಬಳದ ಚೀಟಿ ಕೊಡೋ ಮಾತಿಗೆ ಮಾತ್ರ ಬೇರೆ ಕಡೆ ನೋಡಿದರು.

ಕಾರ್ಮಿಕ ಇಲಾಖೆಯಲ್ಲಿ ಕೆಲಸ ಮಾಡೋ ಸಂಗಾತಿಗಳು, ಗ್ಯಾರೇಜ್ ಕಾರ್ಮಿಕರ ಸಂಘ ಕಟ್ಟಿರೋರು, ಉದ್ಯೋಗದಿಂದ ಬರೋ ಶ್ವಾಸಕೋಶದ ರೋಗ ಗೊತ್ತಿರೋ ಡಾಕ್ಟರುಗಳು ಇದ್ದರೆ ಇನ್‌ಬಾಕ್ಸಿಗೆ ಬನ್ನಿ. ನಿಮ್ಮ ಮನೆಯ, ಕೇರಿಯ ಹುಡುಗರು ಸ್ಪ್ರೇ ಕೆಲಸದಲ್ಲಿದ್ದರೆ ಭಾನುವಾರ ಹೇಗಿರುತ್ತೆ ಅಂತ ಒಂದು ಸಲ ಕೇಳಿ, ಉತ್ತರವನ್ನು ನನಗೆ ತಿಳಿಸಿ. ಇಪ್ಪತ್ತು ಮೂವತ್ತು ಜನರ ನೋಟ್‌ಬುಕ್ ಸೇರಿದರೆ ಅದನ್ನು ಹಿಡಿದುಕೊಂಡು ಇಲಾಖೆಗೆ ಹೋಗಬಹುದು. ಗೆರೆ ಹೊಡೆದ ಕಾಲಂ ಪುಟದ ಫೋಟೋ ಕಾಮೆಂಟಲ್ಲಿ ಹಾಕ್ತೀನಿ, ಹಾಗೇ ನಕಲು ಮಾಡಿಕೊಳ್ಳಿ. ಸ್ಟುಡಿಯೋ ಹೆಸರು ಮಾತ್ರ ಯಾರೂ ಕೇಳಬೇಡಿ, ಊಹೆ ಮಾಡಿ ಬರೆಯಲೂಬೇಡಿ, ಡಿಲೀಟ್ ಮಾಡ್ತೀನಿ.

ನಾಡಿದ್ದು ಬುಧವಾರ ಅವನನ್ನು ಮತ್ತೆ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೀನಿ. ಈ ಗುರುವಾರದ ನಂಬರ್ 350.